ಒಂದೇ ಬಯಲು, ನಾಲ್ಕು ಕಾಲ: ಹಕ್ಕಿ, ಹುಳದ ಫೋಟೊ ತೆಗೆಯುವುದು ಹೇಗೆ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ. ಸುಮಾರು 798 ಎಕರೆ ಬಯಲು. ಬಂದವರು ಕೃಷ್ಣಮೃಗ ನೋಡಿ, ನಾಲ್ಕು ಫೋಟೊ ಹೊಡೆದು ಹೊರಟುಬಿಡುತ್ತಾರೆ. ಆದರೆ ಅದೇ ಹುಲ್ಲಿನಲ್ಲಿ ನೆಲಗುಬ್ಬಿ, ಗೌಜಲಕ್ಕಿ, ಕಳ್ಳಿಪೀರ, ಲೆಕ್ಕವಿಲ್ಲದಷ್ಟು ಹುಳಹುಪ್ಪಟೆ ಇವೆ. ಹಕ್ಕಿ ಫೋಟೊ ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ ಮಾತು. ಹತ್ತು ಕಾಡು ಸುತ್ತಬೇಡಿ. ಮನೆಗೆ ಹತ್ತಿರದ ಒಂದು ಜಾಗ ಹಿಡಿದು, ವರ್ಷವಿಡೀ ಅಲ್ಲಿಗೇ ಹೋಗಿ. ಮೈದನಹಳ್ಳಿ ದೂರವಾದರೆ ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆ ಆದೀತು, ನಿಮ್ಮೂರಿನ ಕೆರೆ ಏರಿಯೂ ಆದೀತು. ಯಾವ ಕೊಂಬೆ ಮೇಲೆ ಯಾವ ಹಕ್ಕಿ ಎಷ್ಟು ಹೊತ್ತಿಗೆ ಕೂರುತ್ತದೆ ಅನ್ನುವುದು ತಿಳಿದರೆ ಅರ್ಧ ಫೋಟೊ ಬಂದ ಹಾಗೆ.

ಸಾಮಾನು ಕಡಿಮೆ ಇರಲಿ

ದೂರದ ಹಕ್ಕಿಯನ್ನು ಹತ್ತಿರ ತೋರಿಸುವ 300 ಎಂಎಂ ಲೆನ್ಸ್ ಇದ್ದರೆ ಶುರು ಮಾಡಬಹುದು. ಹುಳಕ್ಕೆ ಮ್ಯಾಕ್ರೊ ಲೆನ್ಸ್ (ಸಣ್ಣದ್ದನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನಲ್ಲೂ ಕಲಿಯಬಹುದು. ಟ್ರೈಪಾಡ್ ಬದಲು ಹಳೆ ದಿಂಬಿನ ಕವರಿಗೆ ಎರಡು ಸೇರು ರಾಗಿ ತುಂಬಿ ಬಾಯಿ ಹೊಲಿಯಿರಿ. ಕಲ್ಲಿನ ಮೇಲಿಟ್ಟರೂ, ಕಾರಿನ ಕಿಟಕಿ ಮೇಲಿಟ್ಟರೂ ಲೆನ್ಸ್ ಅಲುಗಾಡದೆ ಕೂರುತ್ತದೆ. ಮಣ್ಣಿನ ಬಣ್ಣದ ಬಟ್ಟೆ ಹಾಕಿ. ಅರಣ್ಯ ಇಲಾಖೆಯ ಜಾಗವಾದರೆ ಮೊದಲೇ ಅನುಮತಿ ಕೇಳಿ. ಡ್ರೋನ್ ಹಾರಿಸುವ ಯೋಚನೆ ಬೇಡವೇ ಬೇಡ.

ಸೆಟಿಂಗ್ ವಿಷಯ ಬೇಗ ಹೇಳಿಬಿಡುತ್ತೇನೆ. ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರುವ ಹೊತ್ತು, ಕೂತ ಹಕ್ಕಿಗೆ 1/500 ಸೆಕೆಂಡ್, ಹಾರುವ ಹಕ್ಕಿಗೆ 1/2000. ಹುಳಕ್ಕೆ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ) ಎಫ್ 8 ಅಥವಾ ಎಫ್ 11. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟಿಂಗ್) ಆಟೊದಲ್ಲಿರಲಿ. ಫೋಕಸ್ ಕಣ್ಣಿನ ಮೇಲೆ. ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ನೆಲಕ್ಕೆ ಇಳಿಯುವುದು. ನಿಂತು ತೆಗೆದರೆ ನೆಲಗುಬ್ಬಿಯ ಬೆನ್ನು ಮಾತ್ರ ಸಿಗುತ್ತದೆ. ಹೊಟ್ಟೆ ಮೇಲೆ ಮಲಗಿದರೆ ಅದರ ಮುಖ ಸಿಗುತ್ತದೆ.

ಮೃಗಶಿರ ಮಳೆಯಿಂದ ಶುರು

ಜೂನ್‌ನಲ್ಲಿ ಒಂದು ಹದಮಳೆ ಬಿದ್ದರೆ ಗೆದ್ದಲಿಗೆ ರೆಕ್ಕೆ ಬಂದು ಈಚಲು ಹುಳ ಏಳುತ್ತವೆ. ಹಕ್ಕಿಗಳಿಗೆ ಅದು ಹಬ್ಬದೂಟ. ಹುತ್ತದಿಂದ ಇಪ್ಪತ್ತು ಹೆಜ್ಜೆ ದೂರ ಕೂತುಬಿಡಿ. ಕಾಜಾಣ ಗಾಳಿಯಲ್ಲೇ ಹುಳ ಹಿಡಿಯುವುದು ಕಣ್ಣೆದುರೇ ನಡೆಯುತ್ತದೆ. ಹಕ್ಕಿ ಕಪ್ಪು, ಹಿಂದೆ ಬೆಳ್ಳನೆ ಆಕಾಶ. ಕ್ಯಾಮೆರಾ ಆಕಾಶದ ಲೆಕ್ಕ ಹಿಡಿದು ಹಕ್ಕಿಯನ್ನು ಇದ್ದಿಲು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ, ಅಂದರೆ ಫೋಟೊಗೆ ಬೆಳಕು ಎರಡರಷ್ಟು ಮಾಡಿ. ಕಪ್ಪು ಪೊದೆ ಮುಂದೆ ಬೆಳ್ಳಕ್ಕಿ ಕೂತಿದ್ದರೆ ಇದಕ್ಕೆ ಉಲ್ಟಾ, ಒಂದು ಸ್ಟಾಪ್ ಇಳಿಸಿ.

ಮಳೆಗಾಲದಲ್ಲೇ ಗೀಜಗನ ಗೂಡೂ ಶುರು. ಬಾವಿ, ಹಳ್ಳದ ಪಕ್ಕದ ಈಚಲು ಮರ, ಜಾಲಿ ಮರ ನೋಡಿ. ಗೂಡು ಅರ್ಧ ಆದಾಗ ಗಂಡು ಅದಕ್ಕೆ ಜೋತುಬಿದ್ದು ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಒಪ್ಪಿಗೆ ಆದರಷ್ಟೇ ಉಳಿದ ಅರ್ಧ. ಆ ಕೆಲವು ದಿನ ತಪ್ಪಿಸಬೇಡಿ.

ಇನ್ನು ಜೀರ್ಜಿಂಬೆ. ನಮ್ಮ ಕಡೆ ಚಿಕ್ಕಂದಿನಲ್ಲಿ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ಜಾಲಿ ಸೊಪ್ಪು ಹಾಕಿ ಸಾಕಿದವರು ಬಹಳ ಜನ, ಅಲ್ವಾ? ಅದರ ಹಸಿರು ಹೊಳಪು ಬಳಿದ ಬಣ್ಣದಂಥದ್ದಲ್ಲ. ಚಿಪ್ಪಿನ ತೆಳುವಾದ ಪದರಗಳಿಗೆ ಬೆಳಕು ತಾಗಿ ಹುಟ್ಟುವ ಬಣ್ಣ. ನೋಡುವ ಕೋನ ಬದಲಾದರೆ ಹಸಿರೂ ಬದಲಾಗುತ್ತದೆ. ಆದ್ದರಿಂದ ನೇರ ಫ್ಲ್ಯಾಶ್ ಹೊಡೆದರೆ ಬೆನ್ನ ಮೇಲೆ ಬಿಳಿ ಚುಕ್ಕೆ ಮಾತ್ರ ಉಳಿಯುತ್ತದೆ. ಮೋಡದ ದಿನ ಹೋಗಿ, ಇಲ್ಲವೇ ಬಿಸಿಲಿಗೆ ಬಿಳಿ ಬಟ್ಟೆ ಅಡ್ಡ ಹಿಡಿಸಿ. ಕೊಂಬೆ ಮುರಿಯಬೇಡಿ. ಅದು ಎಲೆಯ ಅಂಚು ಕಚ್ಚುತ್ತಾ ನಿಧಾನ ಮುಂದೆ ಸರಿಯುತ್ತದೆ, ನೀವೂ ಅದರ ಜೊತೆ ಸರಿಯಿರಿ.

ಸ್ವಾತಿ ಮಳೆ ಕಳೆದ ಮೇಲೆ

ತುಮಕೂರು ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಅದು ನಿಂತ ಮೇಲೆ ಹುಲ್ಲು ಸೊಂಟದ ಮಟ್ಟಕ್ಕಿರುತ್ತದೆ, ಬೆಳಗಿನ ಇಬ್ಬನಿ ಜೋರು. ಚಿಟ್ಟೆ, ಏರೋಪ್ಲೇನ್ ಚಿಟ್ಟೆಗೆ ಬಿಸಿಲು ಕಾಯಿಸಿಕೊಳ್ಳದೆ ಹಾರಲು ಆಗುವುದಿಲ್ಲ. ಆರೂವರೆಗೆ ಅಲ್ಲಿರಿ. ರೆಕ್ಕೆ ಮೇಲೆ ಇಬ್ಬನಿ ಹೊತ್ತು ಹುಲ್ಲುಕಡ್ಡಿ ಹಿಡಿದು ಕೂತಿರುತ್ತವೆ. ಲೆನ್ಸ್ ರೆಕ್ಕೆಗೆ ಸಮವಾಗಿ, ಗೋಡೆಗೆ ಗೋಡೆ ಎದುರಿದ್ದ ಹಾಗೆ ಹಿಡಿಯಿರಿ. ಆಗ ಇಡೀ ರೆಕ್ಕೆ ಸ್ಪಷ್ಟವಾಗಿ ಬರುತ್ತದೆ. ಬಿಸಿಲೇರಿದರೆ ಮುಗಿಯಿತು, ಒಂದೂ ನಿಲ್ಲುವುದಿಲ್ಲ.

ಚಳಿಗಾಲದ ಅತಿಥಿ ಹ್ಯಾರಿಯರ್ ಗಿಡುಗ. ಮಧ್ಯ ಏಷ್ಯಾ ಕಡೆಯಿಂದ ಬಂದು ಮಾರ್ಚ್ ಹೊತ್ತಿಗೆ ವಾಪಸ್ ಹೋಗುತ್ತದೆ. ಹುಲ್ಲಿನ ತುದಿ ಸವರಿಕೊಂಡು ಹಾರುವ ಹಕ್ಕಿ ಇದು. ಬೆನ್ನಿಗೆ ಸೂರ್ಯ ಇರುವಂತೆ ಪೊದೆ ಪಕ್ಕ ಕೂತು ಸುಮ್ನೆ ಕಾಯಿರಿ. ಅಟ್ಟಿಸಿಕೊಂಡು ಹೋದವರಿಗೆ ಸಿಗುವುದು ಬಾಲ ಮಾತ್ರ. ರಾತ್ರಿ ಇವು ಮಲಗುವುದು ನೆಲದ ಮೇಲೆ, ಹುಲ್ಲಿನ ಮಧ್ಯೆ. ಸಂಜೆ ಐದೂವರೆ ಮೇಲೆ ಹುಲ್ಲಿಗೆ ಕಾಲಿಡಬೇಡಿ.

ಬೇಸಿಗೆ

ಬೆಳಗ್ಗೆ ಒಂಬತ್ತಕ್ಕೆಲ್ಲ ನೆಲದ ಮೇಲೆ ಬಿಸಿಗಾಳಿ ಕುಣಿಯಲು ಶುರುವಾಗುತ್ತದೆ. ಆಮೇಲೆ ಎಂಥ ಲೆನ್ಸ್ ಇದ್ದರೂ ದೂರದ ಹಕ್ಕಿ ಮಸುಕು. ಬೆಳಗಿನ ಎರಡು ಗಂಟೆ ಕಳ್ಳಿಪೀರಕ್ಕೆ ಕೊಡಿ. ಅದು ಹಾರಿ ಜೇನುಹುಳ ಹಿಡಿದು, ಮತ್ತೆ ಹೊರಟ ಕೊಂಬೆಗೇ ಬರುತ್ತದೆ. ಮುಳ್ಳಿನ ವಿಷ ಹೋಗಲಿ ಅಂತ ಹುಳವನ್ನು ಕೊಂಬೆಗೆ ಟಪ್ ಟಪ್ ಅಂತ ಬಡಿಯುತ್ತದೆ. ಕೊಂಬೆಗೆ ಮೊದಲೇ ಫೋಕಸ್ ಮಾಡಿಟ್ಟುಕೊಂಡರೆ ಸಾಕು.

ಇದೇ ಕಾಲದಲ್ಲಿ ಒಂದು ದಿನ ಶಿರಾ ತಾಲ್ಲೂಕಿನ ಕಗ್ಗಲಡುಗೆ ಹೋಗಿಬನ್ನಿ. ಬಣ್ಣದ ಕೊಕ್ಕರೆ, ಬೂದು ಬಕ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿರುತ್ತವೆ. ಊರವರು ಅವನ್ನು ಮನೆಮಕ್ಕಳಂತೆ ನೋಡಿಕೊಳ್ಳುತ್ತಾರೆ. ಮರದ ಬುಡದಲ್ಲಿ ಗದ್ದಲ ಮಾಡದೆ ದೂರದಿಂದ ತೆಗೆಯಿರಿ.

ಕೊನೆಯದು ಟಿಟ್ಟಿಭ. ಅದಕ್ಕೆ ಗೂಡು ಅಂತ ಇರುವುದಿಲ್ಲ. ಬರೀ ನೆಲದ ಮೇಲೆ, ಬೆಣಚುಕಲ್ಲಿನ ನಡುವೆ ಕಲ್ಲಿನಂಥದ್ದೇ ನಾಲ್ಕು ಮೊಟ್ಟೆ. ಒಂದು ಏಪ್ರಿಲ್‌ನಲ್ಲಿ ನಾನು ಅದರ ಫೋಟೊ ಆಸೆಗೆ ಹತ್ತಿರ ಹೋಗಿ ಇಪ್ಪತ್ತು ನಿಮಿಷ ಕೂತಿದ್ದೆ. ತಾಯಿ ತಲೆ ಮೇಲೆ ಸುತ್ತುತ್ತಾ ಕೂಗುತ್ತಲೇ ಇತ್ತು. ಬಿಸಿಲಿನಲ್ಲಿ ಅದು ಮೊಟ್ಟೆ ಮೇಲೆ ಕೂರುವುದು ಕಾವು ಕೊಡಲು ಅಲ್ಲ, ನೆರಳು ಕೊಡಲು, ಹೊಟ್ಟೆಯ ಗರಿ ನೀರಲ್ಲಿ ನೆನೆಸಿ ತಂದು ಮೊಟ್ಟೆ ತಣ್ಣಗಿಡಲು ಅಂತ ಆಮೇಲೆ ತಿಳಿಯಿತು. ಆ ಫೋಟೊವನ್ನು ನಾನು ಇವತ್ತಿಗೂ ಯಾರಿಗೂ ತೋರಿಸಿಲ್ಲ. ಟಿಟ್ಟಿಭ ತಲೆ ಮೇಲೆ ಕೂಗಿದರೆ ಅಲ್ಲೇ ನಿಲ್ಲಿ. ಕಾಲ ಬುಡ ನೋಡಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸರಿಯಿರಿ. ನೀವು ಐವತ್ತು ಹೆಜ್ಜೆ ದೂರ ಹೋಗಿ ಕೂತ ಮೇಲೆ ಅದು ನಡೆದುಕೊಂಡೇ ಮೊಟ್ಟೆ ಹತ್ತಿರ ಬರುತ್ತದೆ. ಫೋಟೊ ಆಗ ತೆಗೆಯಿರಿ.