ಐನೂರು ಪ್ರತಿ ರದ್ದಿಗೆ ಹೋದ ಮೇಲೆ

ಪುಸ್ತಕದ ಪುಟವಿನ್ಯಾಸ ಮಾಡುವ ನಾಲ್ಕು ಜನ ಸೇರಿದರೆ ಮಾತು ಫಾಂಟಿಗೆ ಹೋಗುತ್ತದೆ, ಇಲ್ಲವೇ ಕಾಗದದ ರೇಟಿಗೆ. ಮುಗಿದ ಫೈಲು ಲೇಖಕರಿಗೆ, ಅಲ್ಲಿಂದ ಪ್ರೆಸ್ಸಿಗೆ ಹೇಗೆ ಮುಟ್ಟಿತು ಅಂತ ಯಾರೂ ಕೇಳುವುದಿಲ್ಲ. 2021ರ ತನಕ ನಾನೂ ಕೇಳಿರಲಿಲ್ಲ.

ಅದೊಂದು ಪಿಎಚ್‌ಡಿ ಪ್ರಬಂಧ. ಡೆಮಿ 1/8 ಅಳತೆಯ ಪುಸ್ತಕ, 240 ಪುಟ, 500 ಪ್ರತಿ. ಪುಟಕ್ಕೆ 30 ರೂಪಾಯಿಯಂತೆ ನನಗೆ ಬರಬೇಕಿದ್ದದ್ದು 7,200. ಪೆನ್‌ಡ್ರೈವಿನಲ್ಲಿ ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ಓಕೆ’ ಮೂರೂ ಇದ್ದವು. ಪ್ರೆಸ್ಸಿನ ಹುಡುಗ ಮೊದಲು ಕಂಡದ್ದನ್ನು ಮುದ್ರಣದ ಪ್ಲೇಟಿಗೆ ಕಳಿಸಿದ. ಬೈಂಡಿಂಗ್ ಆಗಿ ಬಂದಾಗ ನೋಡಿದರೆ ಕೊನೆಯ ಪ್ರೂಫಿನ ತಿದ್ದುಪಡಿ ಒಂದೂ ಇಲ್ಲ, ಮಾರ್ಗದರ್ಶಕರ ಹೆಸರೇ ತಪ್ಪು. ಗುರುಗಳ ಹೆಸರು ತಪ್ಪಿದ ಪ್ರಬಂಧವನ್ನು ಬಿಡುಗಡೆ ಮಾಡುವ ಧೈರ್ಯ ಯಾರಿಗಿದೆ? ಮರುಮುದ್ರಣಕ್ಕೆ 40 ಸಾವಿರದ ಹತ್ತಿರ ಬಂತು. ನನ್ನ ಪಾಲು 18 ಸಾವಿರ ಚಿಲ್ಲರೆ. ಹುಡುಗನನ್ನು ಬೈಯಲಿಲ್ಲ, ಮೂರು ‘ಫೈನಲ್’ ಇಟ್ಟವನು ನಾನೇ.

ಆಮೇಲೆ ಒಂದೊಂದಾಗಿ ಎಲ್ಲವನ್ನೂ ನೋಡಿದೆ. ಮೇಲ್ ಅಂದರೆ 25 ಎಂಬಿಗೆ ನಿಂತಿತು, ಚಿತ್ರ ಇರುವ ಪುಸ್ತಕ ಅದರೊಳಗೆ ಕೂರುವುದಿಲ್ಲ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ 2 ಜಿಬಿವರೆಗೂ ಹೋಗುತ್ತದೆ, ಸರಿ. ಆದರೆ ಲೇಖಕರೊಬ್ಬರು ಮುಖಪುಟವನ್ನು ಪ್ರೆಸ್ಸಿಗೆ ಫೋಟೊ ಮಾಡಿ ದಾಟಿಸಿದರು. ಛಾಪಿಸಿ ಬಂದ ಮುಖಪುಟದಲ್ಲಿ ಅವರ ಮುಖ ಚೌಕುಳಿ ಚೌಕುಳಿ. ಅದಕ್ಕೂ ಬೈಗುಳ ನನಗೇ.

ಒಂದು ಉಚಿತ ಸೈಟು ಹಿಡಿದೆ. ಏಳು ದಿನಕ್ಕೆ ಲಿಂಕು ಸಾಯುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಓದಲಿಲ್ಲ. ಲೇಖಕರು ದುಡ್ಡು ಹೊಂದಿಸಿ ಪ್ರೆಸ್ಸಿಗೆ ಹೋದದ್ದು ಒಂಬತ್ತನೇ ದಿನ. ನಾನು ಊರಲ್ಲಿ ಮದುವೆಯ ಊಟಕ್ಕೆ ಕೂತಿದ್ದೆ, ಕಂಪ್ಯೂಟರು ಧಾರವಾಡದಲ್ಲಿ. ಊಟ ಬಿಟ್ಟು ಬಸ್ಸು ಹತ್ತಿದೆ.

ನಡುವೆ ಒಂದು ಹುಚ್ಚೂ ಹಿಡಿದಿತ್ತು: ಸ್ವಂತ ಸರ್ವರ್. ಹಳೇ ಡೆಸ್ಕ್‌ಟಾಪಿಗೆ 2 ಟಿಬಿ ಡಿಸ್ಕ್ ಹಾಕಿ, ನಮ್ಮದೇ ಕಂಪ್ಯೂಟರಿನಿಂದ ಫೈಲು ಹಂಚುವ ನೆಕ್ಸ್ಟ್‌ಕ್ಲೌಡ್ ಅನ್ನುವ ತಂತ್ರಾಂಶ ಕೂರಿಸಿದೆ. ಎಲ್ಲಾ ಸೇರಿ ಹನ್ನೊಂದು ಸಾವಿರ. ಮನೆಯೊಳಗೆ ಭರ್ಜರಿಯಾಗಿ ಓಡಿತು, ಹೊರಗಿನಿಂದ ಯಾರಿಗೂ ತೆರೆಯಲಿಲ್ಲ. ಇಂಟರ್ನೆಟ್ ಕೊಡುವವರು ಒಂದೇ ಐಪಿಯನ್ನು, ಅಂದರೆ ಇಂಟರ್ನೆಟ್ಟಿನ ವಿಳಾಸವನ್ನು, ಹತ್ತಾರು ಮನೆಗೆ ಹಂಚಿದ್ದರು. ನನಗೊಬ್ಬನಿಗೇ ಬದಲಾಗದ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು ಕೊಟ್ಟೆ, ಮಳೆಗಾಲ ಬಂತು, ಕರೆಂಟು ಹೋಯಿತು. ನಾಲ್ಕು ತಿಂಗಳಿಗೆ ಕೈಬಿಟ್ಟೆ. ಆ ಡಿಸ್ಕಿನಲ್ಲಿ ಈಗ ನನ್ನ ಬ್ಯಾಕಪ್ಪೂ ಮಗನ ಸಿನಿಮಾಗಳೂ ಇವೆ.

ಕೊನೆಗೆ ಹಿಡಿದದ್ದು ಗೂಗಲ್ ಡ್ರೈವ್. ಇದರಲ್ಲೇನು ಹೊಸದು ಅಂತ ನಗಬೇಡಿ, ನಾನೂ ಅದಕ್ಕೇ ಎರಡು ವರ್ಷ ಅದನ್ನು ಬಿಟ್ಟು ಸುತ್ತಿದ್ದು. ಲೇಖಕರ ಕೈಯಲ್ಲಿ ಆಂಡ್ರಾಯ್ಡ್ ಫೋನಿದೆ, ಅಂದರೆ ಜಿಮೇಲ್ ಖಾತೆ ಇದೆ. ಅವರಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ. ಉಚಿತದ 15 ಜಿಬಿಯಲ್ಲಿ ಮೇಲೂ ಫೋಟೊಗಳೂ ಪಾಲು ಕೇಳುತ್ತವೆ, ಹಾಗಾಗಿ 100 ಜಿಬಿ ತೆಗೆದುಕೊಂಡೆ. ನಾನು ತೆಗೆದುಕೊಂಡಾಗ ವರ್ಷಕ್ಕೆ 1,300 ರೂಪಾಯಿ.

ಗುಟ್ಟಿರುವುದು ಬಳಸುವುದರಲ್ಲಿ. ಒಂದು ಪುಸ್ತಕಕ್ಕೆ ಒಂದೇ ಪಿಡಿಎಫ್, ಒಂದೇ ಲಿಂಕು. ಪ್ರೂಫ್ ತಿದ್ದಿದಾಗ ಹೊಸ ಫೈಲು ಏರಿಸುವುದಿಲ್ಲ, ‘ಮ್ಯಾನೇಜ್ ವರ್ಶನ್ಸ್’ನಲ್ಲಿ ಹೊಸದನ್ನು ಹಳೆಯದರ ಮೇಲೆ ಕೂರಿಸುತ್ತೇನೆ. ಲಿಂಕು ಅದೇ, ಒಳಗಿನದು ಹೊಸದು. ಹಳೇ ಆವೃತ್ತಿ 30 ದಿನಕ್ಕೆ ಅಳಿಯುತ್ತದೆ, ಲೇಖಕರು “ಮೊದಲಿನದೇ ಚಂದ ಇತ್ತು” ಅನ್ನುವ ಜಾತಿಯವರಾದರೆ ‘ಕೀಪ್ ಫಾರೆವರ್’ ಒತ್ತಿಡಿ. ನೋಡುವವರಿಗೆ ಡೌನ್‌ಲೋಡ್ ಬಂದ್. ಬಾಕಿ ಬಂದ ದಿನ ತೆರೆಯುತ್ತೇನೆ. ಮುಂಚೆ ನಾಲ್ಕರಲ್ಲಿ ಒಬ್ಬರ ಬಾಕಿ ನಿಲ್ಲುತ್ತಿತ್ತು. ಒಂದು ವರ್ಷವಂತೂ 42 ಸಾವಿರದಷ್ಟು ನಿಂತಿತ್ತು. ಈಗ ವರ್ಷಕ್ಕೆ ಒಂದೋ ಎರಡೋ. ಒಬ್ಬ ಕವಿಗಳು ಮಾತ್ರ 96 ಪುಟಕ್ಕೂ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದರು. ಅವರ ತಾಳ್ಮೆಗೆ ಕೈಮುಗಿದೆ.

ಪ್ರೆಸ್ ಮಾಲೀಕರು ಒಪ್ಪಲಿಲ್ಲ. “ಪೆನ್‌ಡ್ರೈವ್ ಇರೂದ್ರಾಗ ಇವೆಲ್ಲಾ ಯಾಕ್ ಬೇಕ್ರೀ ಸರ? ನಮ್ಮ ಹುಡುಗ್ರು ಲಿಂಕ್ ತಗಿಯೂದಿಲ್ಲ” ಅಂದರು. ಅವರ ಅನುಮಾನ ಪೂರ್ತಿ ಸುಳ್ಳಲ್ಲ. ಹುಡುಗ ಮೂರನೇ ಪ್ರೂಫನ್ನು ಆಗಲೇ ಇಳಿಸಿ ಇಟ್ಟುಕೊಂಡಿದ್ದರೆ ನನ್ನ ಲಿಂಕು ಎಷ್ಟು ಹೊಸದಾಗಿದ್ದು ಏನು ಬಂತು? ಅದಕ್ಕೆ ಕತ್ತರಿಸುವ ಗೆರೆಯ ಹೊರಗೆ ಪ್ರತಿ ಪುಟದಲ್ಲೂ ಪ್ರೂಫ್ ಸಂಖ್ಯೆ, ತಾರೀಖು ಹಾಕುತ್ತೇನೆ. ಇದರ ಜೊತೆ ಇನ್ನೊಂದು ಗುರುತು ಇದೆ. ಪ್ಲೇಟಿಗೆ ಹೋಗುವ ಮುಂಚೆ ಹುಡುಗ ಫೋನು ಮಾಡಿ ಅದನ್ನು ನನಗೆ ಓದಿ ಹೇಳಬೇಕು. ಅದು ಎಲ್ಲಿರುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ. ಅರವತ್ತು ಪುಸ್ತಕವಾದರೂ ಆಗಿರಬೇಕು, ತಪ್ಪು ಫೈಲು ಒಂದೂ ಛಾಪಾಗಿಲ್ಲ. ಮಾಲೀಕರು ಈಗ ಸುಮ್ಮನಿದ್ದಾರೆ.

‘ಓಪನ್ ಫೈಲ್ ಕೊಡ್ರಿ’, ಅಂದರೆ ಪಿಡಿಎಫ್ ಅಲ್ಲ, ತಿದ್ದಲು ಬರುವ ಮೂಲ ಫೈಲು ಕೊಡಿ ಅನ್ನುವವರದು ಬೇರೆ ಕಥೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಫೈಲು ಕೊಟ್ಟರೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ತೆರೆಯುತ್ತದೆ, ‘ನಿಮ್ಮ ಫೈಲು ಕೆಟ್ಟಿದೆ’ ಅಂತ ಫೋನು ಬರುತ್ತದೆ. ಯೂನಿಕೋಡಿನಲ್ಲೇ ಮಾಡಿ, ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಿಂದ ಪ್ಯಾಕೇಜ್ (ಫೈಲು, ಫಾಂಟು, ಚಿತ್ರಗಳ ಕಟ್ಟು) ತೆಗೆದು, ಹಳೇ ಇನ್‌ಡಿಸೈನ್‌ನಲ್ಲೂ ತೆರೆಯುವ ಐಡಿಎಂಎಲ್ ಫೈಲು ಸೇರಿಸಿ ಜಿಪ್ ಮಾಡುತ್ತೇನೆ. 2,000 ರೂಪಾಯಿ ಬೇರೆ. ಜಿಪ್‌ನೊಳಗಿನ ಹೆಸರುಗಳು ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇರಲಿ. ವಿಂಡೋಸ್ 7 ಬಿಡದ ಪ್ರೆಸ್ಸುಗಳಲ್ಲಿ ಕನ್ನಡದ ಹೆಸರು ಬಿಚ್ಚುವಾಗ ಚೂರುಚೂರಾಗುತ್ತದೆ. ಕನ್ನಡದ ಕೆಲಸ ಮಾಡುವವನಿಗೆ ಇದು ಸ್ವಲ್ಪ ನಾಚಿಕೆಯೇ.

ಈಗ ಕ್ಯೂಆರ್ ಕೋಡಿನ ಪ್ರಯೋಗ ನಡೆದಿದೆ. ಕೊನೆಯ ಪ್ರೂಫಿನ ಲಕೋಟೆಗೆ ಲಿಂಕಿನ ಕ್ಯೂಆರ್ ಅಂಟಿಸಿ ಕಳಿಸುತ್ತೇನೆ. ಮೊದಲ ಸಲ ಅಂಟಿಸಿದಾಗ ಪ್ರೆಸ್ಸಿನ ಹುಡುಗ ಅದು ಹಣ ಹಾಕುವ ಕೋಡು ಅಂತ ತಿಳಿದು “ಸರ, ನಾವ್ ನಿಮಗ್ಯಾಕ ರೊಕ್ಕ ಕೊಡಬೇಕ್ರೀ?” ಅಂತ ಜಗಳಕ್ಕೆ ಬಂದ. ಈಗ ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಇದು ಫೈಲು’ ಅಂತ ಬರೆದಿದ್ದೇನೆ.