ಗ್ರಾಹಕರಿಗೆ ಎರಡು ಸಲ ತೆರಿಗೆ ಬೀಳದಂತೆ ಡ್ರಾಪ್‌ಶಿಪಿಂಗ್ ಮಾಡುವುದು

ಡ್ರಾಪ್‌ಶಿಪಿಂಗ್ ಎಂದರೆ ಆರ್ಡರ್ ನಾವು ಪಡೆಯುವುದು, ಸರಕನ್ನು ಸಪ್ಲೈಯರ್ ನೇರವಾಗಿ ಗ್ರಾಹಕರಿಗೆ ಕಳಿಸುವುದು. ಸರಕು ನಮ್ಮ ಕೈಗೆ ಬರುವುದೇ ಇಲ್ಲ, ತೆರಿಗೆ ಮಾತ್ರ ನಮ್ಮ ತಲೆಗೆ ಬರುತ್ತದೆ. ನನಗಿದು ಗೊತ್ತಾಗಿದ್ದು ಜರ್ಮನಿಯ ಗ್ರಾಹಕರೊಬ್ಬರ ಸಿಟ್ಟಿನ ಇಮೇಲ್‌ನಿಂದ. ನನ್ನ ಸೈಟಿನಲ್ಲಿ ವ್ಯಾಟ್ ಸೇರಿಸಿಯೇ ದುಡ್ಡು ಕಟ್ಟಿದ್ದರು. ಪಾರ್ಸೆಲ್ ತಂದವನು ಬಾಗಿಲಲ್ಲಿ ನಿಂತು ಮತ್ತೆ ವ್ಯಾಟ್ ಕೇಳಿದ, ಮೇಲೆ ತನ್ನ ಶುಲ್ಕ ಬೇರೆ. ನನ್ನ ಹತ್ತಿರ ಐಒಎಸ್‌ಎಸ್ ಸಂಖ್ಯೆ ಇತ್ತು, ಅಂದರೆ ಆಮದು ಸರಕಿನ ವ್ಯಾಟನ್ನು ಮಾರುವಾಗಲೇ ವಸೂಲಿ ಮಾಡಿ ಕಟ್ಟುವ ಐರೋಪ್ಯ ಒಕ್ಕೂಟದ ವ್ಯವಸ್ಥೆಯ ನೋಂದಣಿ ಸಂಖ್ಯೆ. ಸಪ್ಲೈಯರ್ ಅದನ್ನು ಡಬ್ಬದ ಮೇಲೆ ಅಂಟಿಸಿ ಸುಮ್ಮನಾಗಿದ್ದ. ಕಸ್ಟಮ್ಸ್‌ಗೆ ಹೋಗುವ ಎಲೆಕ್ಟ್ರಾನಿಕ್ ಮಾಹಿತಿಯಲ್ಲಿ ತುಂಬಿರಲೇ ಇಲ್ಲ. ಸಂಖ್ಯೆ ಇರಬೇಕಾದದ್ದು ಅಲ್ಲಿ. ಡಬ್ಬದ ಮೇಲೆ ಬರೆದರೆ ಕಂಡವರು ಕದ್ದು ಬಳಸಬಹುದು, ಅಷ್ಟೇ ಲಾಭ.

ಹಾಗಾಗಿ ಯಾವ ದೇಶಕ್ಕೆ ಮಾರುವ ಮೊದಲೂ ಮೂರು ವಿಷಯ ಬರೆದುಕೊಳ್ಳಿ: ಪಾರ್ಸೆಲ್ ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ಹೋಗುತ್ತದೆ, ಒಳಗಿನ ಸರಕಿನ ಬೆಲೆ ಎಷ್ಟು.

ಐರೋಪ್ಯ ಒಕ್ಕೂಟದಲ್ಲಿ ಆಮದಿಗೆ 22 ಯೂರೋವರೆಗಿದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೆ ಹೋಯಿತು. ಹೊರಗಿನಿಂದ ಬರುವ ಸರಕು 150 ಯೂರೋ ಮೀರದಿದ್ದರೆ ಐಒಎಸ್‌ಎಸ್ ಮೂಲಕ ಮಾರುವಾಗಲೇ ವ್ಯಾಟ್ ವಸೂಲಿ ಮಾಡಿ, ಪ್ರತಿ ತಿಂಗಳ ಲೆಕ್ಕವನ್ನು ಮುಂದಿನ ತಿಂಗಳ ಕೊನೆಯೊಳಗೆ ಒಪ್ಪಿಸಬಹುದು. ಒಕ್ಕೂಟದ ಹೊರಗಿನವರಿಗೆ ಸಾಮಾನ್ಯವಾಗಿ ಅಲ್ಲಿನ ಮಧ್ಯವರ್ತಿ ಬೇಕು. ಎಡವುವ ಜಾಗ ಇದು: ಬೇರೆಯಾಗಿ ತೋರಿಸಿದ ಸಾಗಣೆ ಖರ್ಚು 150ರ ಮಿತಿಗೆ ಸೇರುವುದಿಲ್ಲ, ವ್ಯಾಟ್ ಮಾತ್ರ ಅದರ ಮೇಲೂ ಬೀಳುತ್ತದೆ. ಸರಕು 100, ಸಾಗಣೆ 10 ಯೂರೋ ಎಂದಿಟ್ಟುಕೊಳ್ಳಿ. ಜರ್ಮನಿಯ 19% ಪ್ರಕಾರ 110ರ ಮೇಲೆ 20.90 ಯೂರೋ ವ್ಯಾಟ್. ಹಂಗೇರಿಯಾದರೆ 27%. ದರ ಯಾವಾಗಲೂ ಗ್ರಾಹಕರ ದೇಶದ್ದು.

ಸರಕು 150 ದಾಟಿದರೆ ಐಒಎಸ್‌ಎಸ್ ಇಲ್ಲ. ಆಮದಿನ ಹೊತ್ತಿಗೇ ತೆರಿಗೆ. ಅಂಥದ್ದನ್ನು ನಾನು ಡಿಡಿಪಿ, ಅಂದರೆ ತೆರಿಗೆಯನ್ನೆಲ್ಲ ನಾನೇ ಕಟ್ಟುವ ಷರತ್ತಿನಲ್ಲಿ ಕಳಿಸುತ್ತೇನೆ. ಲಾಭ ತೆಳ್ಳಗಾಗುತ್ತದೆ, ಆದರೆ ಪಾರ್ಸೆಲ್ ವಾಪಸ್ ಬರುವುದಿಲ್ಲ. ಬೆಲೆ ಕಡಿಮೆ ಬರೆಯುತ್ತೇನೆ ಎನ್ನುವ ಸಪ್ಲೈಯರ್ ಸಿಕ್ಕರೆ ಬಿಟ್ಟುಬಿಡಿ. ಅದು ಸುಳ್ಳು ಘೋಷಣೆ.

ಬ್ರಿಟನ್‌ನಲ್ಲಿ ಮಿತಿ 135 ಪೌಂಡ್, ಅದರೊಳಗಿನ ನೇರ ಮಾರಾಟಕ್ಕೆ ನಾವೇ ವ್ಯಾಟ್ ನೋಂದಣಿ ಮಾಡಿಸಬೇಕು. ಅಮೆಜಾನ್‌ನಂಥ ಮಾರ್ಕೆಟ್‌ಪ್ಲೇಸ್ ಮೂಲಕ ಮಾರಿದರೆ ಈ ಎರಡೂ ಕಡೆ ಮಿತಿಯೊಳಗಿನ ವಸೂಲಿ ಅವರದೇ ಹೊಣೆ.

ಅಮೆರಿಕದ ಕಥೆಯೇ ಬೇರೆ. ಅಲ್ಲಿ ವ್ಯಾಟ್ ಇಲ್ಲ, ಸೇಲ್ಸ್ ಟ್ಯಾಕ್ಸ್ ಒಂದೊಂದು ರಾಜ್ಯದ್ದು. ವೇಫೇರ್ ಎಂಬ ಆನ್‌ಲೈನ್ ಅಂಗಡಿಯ ಮೊಕದ್ದಮೆಯಲ್ಲಿ 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಅಂಗಡಿ ಅಲ್ಲಿಲ್ಲದಿದ್ದರೂ ರಾಜ್ಯ ನಮ್ಮಿಂದ ವಸೂಲಿ ಕೇಳಬಹುದು. ಆ ಮೊಕದ್ದಮೆಯ ಸೌತ್ ಡಕೋಟದಲ್ಲಿ ಮಿತಿ ವರ್ಷಕ್ಕೆ 1,00,000 ಡಾಲರ್ ಮಾರಾಟ. ಸಪ್ಲೈಯರೂ ಅಮೆರಿಕದವನಾದರೆ ರೀಸೇಲ್ ಸರ್ಟಿಫಿಕೇಟ್, ಅಂದರೆ ಮತ್ತೆ ಮಾರಲೆಂದೇ ಕೊಳ್ಳುತ್ತಿದ್ದೇವೆ ಎಂಬ ಪತ್ರ, ಕೇಳುತ್ತಾನೆ, ಕೊಡದಿದ್ದರೆ ನಮ್ಮ ಬಿಲ್ಲಿಗೇ ಟ್ಯಾಕ್ಸ್ ಹಾಕುತ್ತಾನೆ. ಕ್ಯಾಲಿಫೋರ್ನಿಯಾದ ಗ್ರಾಹಕರಿಗೆ ಹೋಗುವ ಸರಕಿಗೆ ಹೊರರಾಜ್ಯದ ಸರ್ಟಿಫಿಕೇಟ್ ನಡೆಯುವುದಿಲ್ಲ. ಇನ್ನು 800 ಡಾಲರ್‌ವರೆಗೆ ಸುಂಕವಿಲ್ಲ ಎಂಬ ಹಳೆಯ ಲೆಕ್ಕ 2025ರ ಆಗಸ್ಟ್ 29ರಿಂದ ನಿಂತಿದೆ. ಸುಂಕ ಬೇರೆ, ಸೇಲ್ಸ್ ಟ್ಯಾಕ್ಸ್ ಬೇರೆ. ಬೆಲೆ ಹಚ್ಚುವಾಗ ಎರಡಕ್ಕೂ ಜಾಗ ಬಿಡಿ.

ಈಗ ಹೊಸ ಸಪ್ಲೈಯರ್ ಸಿಕ್ಕರೆ ಮೊದಲು ಪರಿಚಯದವರಿಗೊಂದು ಅಗ್ಗದ ಪಾರ್ಸೆಲ್ ಕಳಿಸಲು ಹೇಳುತ್ತೇನೆ. ಹೊರಡುವ ಮುಂಚೆ ಕಸ್ಟಮ್ಸ್ ಘೋಷಣೆಯ ಸ್ಕ್ರೀನ್‌ಶಾಟ್ ತರಿಸಿಕೊಂಡು ಸಂಖ್ಯೆ, ಬೆಲೆ ಎರಡನ್ನೂ ನನ್ನ ಇನ್‌ವಾಯ್ಸ್‌ಗೆ ತಾಳೆ ನೋಡುತ್ತೇನೆ. ಸ್ಕ್ರೀನ್‌ಶಾಟ್ ಕೊಡಲು ಸತಾಯಿಸುವವರ ಜೊತೆ ಎರಡನೇ ಆರ್ಡರ್ ಇಲ್ಲ.