ಕೊರಿಯನ್ ಬಾಟಲಿ, ನಮ್ಮ ಮುಖ: ಹೊಂದುತ್ತಾ ಇಲ್ವಾ ಅಂತ ನೋಡುವುದು ಹೇಗೆ?

ಅಣ್ಣನ ಮದುವೆಗೆ 15 ದಿನ ಇರುವಾಗ ನನ್ನ ಅಕ್ಕನ ಮಗಳು ಮುಖಕ್ಕೆ ಹಚ್ಚುವ ಐದು ಕೊರಿಯನ್ ಬಾಟಲಿ ಒಟ್ಟಿಗೆ ತರಿಸಿದಳು. ಮುಖ ತೊಳೆಯುವ ಕ್ಲೆನ್ಸರ್, ತೊಳೆದ ಮೇಲೆ ಹಚ್ಚುವ ನೀರಿನಂಥ ಟೋನರ್, ಅದರ ಮೇಲೆ ಹಚ್ಚುವ ತೆಳು ದ್ರವಗಳಾದ ಎಸೆನ್ಸ್, ಸೀರಮ್, ಕೊನೆಗೆ ಸನ್‌ಸ್ಕ್ರೀನ್. ಡಬ್ಬ ಒಡೆದ ದಿನವೇ ಐದನ್ನೂ ಶುರು ಮಾಡಿದಳು. ನಾಲ್ಕನೇ ದಿನಕ್ಕೆ ಹಣೆ ತುಂಬ ಸಾಸಿವೆಯಷ್ಟು ಗುಳ್ಳೆ. "ಚಿಕ್ಕಮ್ಮಾ, ಇದರಲ್ಲಿ ಯಾವುದು ಕೈಕೊಟ್ಟಿದ್ದು?" ಅಂತ ಫೋನ್ ಮಾಡಿದಳು. ನನಗೇನು ಗೊತ್ತು? ಐದು ಮಕ್ಕಳು ಒಟ್ಟಿಗೆ ಅಡುಗೆಮನೆಗೆ ನುಗ್ಗಿದ ಮೇಲೆ ಬೆಲ್ಲದ ಡಬ್ಬ ಖಾಲಿ ಮಾಡಿದ್ದು ಯಾರು ಅಂತ ಹೇಗೆ ಹೇಳೋದು?

ಆಫೀಸಿನಲ್ಲಿ, ಪಕ್ಕದ ಮನೆಯಲ್ಲಿ, ಎಲ್ಲ ಕಡೆ ಇದೇ ಕಥೆ ನೋಡಿ ಸಾಕಾಗಿದೆ. ಹಾಗಾಗಿ ನಾನು ಮಾಡುವ ಕ್ರಮವನ್ನು ಬರೆದಿಡುತ್ತಿದ್ದೇನೆ.

1. ಮೊದಲು ನಿಮ್ಮ ಚರ್ಮ ಯಾವ ಬಗೆ ಅಂತ ತಿಳಿಯಿರಿ

ರಜೆಯ ದಿನ ಬೆಳಿಗ್ಗೆ ಮುಖ ತೊಳೆದು ಒರೆಸಿ, ಏನೂ ಹಚ್ಚದೆ ಒಂದು ಗಂಟೆ ಸುಮ್ನೆ ಬಿಡಿ. ಆಮೇಲೆ ಟಿಶ್ಯೂ ಒತ್ತಿ ನೋಡಿ. ಎಲ್ಲ ಕಡೆ ಜಿಡ್ಡು ಹತ್ತಿದರೆ ಎಣ್ಣೆ ಚರ್ಮ. ಹಣೆ-ಮೂಗಿನಲ್ಲಿ ಮಾತ್ರ ಹತ್ತಿದರೆ ಮಿಶ್ರ ಚರ್ಮ. ಏನೂ ಹತ್ತದೆ ಕೆನ್ನೆ ಎಳೆದ ಹಾಗೆ ಆದರೆ ಒಣ ಚರ್ಮ. ಯಾವುದನ್ನು ಹಚ್ಚಿದರೂ ಕೆಂಪಾಗುತ್ತದೆ, ಉರಿಯುತ್ತದೆ ಅನ್ನುವವರದ್ದು ಸೂಕ್ಷ್ಮ ಚರ್ಮ. ಇದು ಮೇಲಿನ ಮೂರರ ಜೊತೆಗೂ ಇರಬಹುದು.

ಜನ ಎಡವುವುದು ಒಂದು ಕಡೆ. ಮುಖ ಜಿಡ್ಡೂ ಇರುತ್ತದೆ, ಒಳಗೆ ಬಿಗಿಯುತ್ತಲೂ ಇರುತ್ತದೆ. ಅದು ನೀರಿನ ಅಂಶ ಕಮ್ಮಿಯಾದ ಎಣ್ಣೆ ಚರ್ಮ. ಬೋರ್‌ವೆಲ್ಲಿನ ಗಡಸು ನೀರಲ್ಲಿ ದಿನಕ್ಕೆ ಮೂರು ಸಲ ಸೋಪು ಹಾಕಿ ತಿಕ್ಕುವವರಲ್ಲಿ ಇದು ಜಾಸ್ತಿ. ಇವರಿಗೆ ಸೀರಮ್ ಬೇಕಿಲ್ಲ, ಮೊದಲು ಆ ಸೋಪು ಬಿಡಬೇಕು.

ಇನ್ನೊಂದು ಮಾತು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ "ಬೆಳ್ಳಗಾಗುವ" ಟ್ಯೂಬ್‌ಗಳಿವೆಯಲ್ಲ, ಅವುಗಳಲ್ಲಿ ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಅದನ್ನು ಹಚ್ಚಿದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ ಚರ್ಮದ ಡಾಕ್ಟರ ಹತ್ತಿರ ಹೋಗಿ. ಆ ಮುಖಕ್ಕೆ ಯಾವ ಕ್ರೀಮ್ ಹಚ್ಚಿದರೂ ಉರಿಯುವ ಸಾಧ್ಯತೆಯೇ ಜಾಸ್ತಿ.

2. ಊರಿನ ಹವೆ ಲೆಕ್ಕಕ್ಕೆ ತೆಗೆದುಕೊಳ್ಳಿ

ಸೋಲ್‌ನಲ್ಲಿ (ದಕ್ಷಿಣ ಕೊರಿಯಾದ ರಾಜಧಾನಿ) ಜನವರಿ ಅಂದರೆ ಸೊನ್ನೆಗಿಂತ ಕೆಳಗಿನ ಒಣ ಚಳಿ. ಪದರದ ಮೇಲೆ ಪದರ ಹಚ್ಚುವ ಹತ್ತು ಹೆಜ್ಜೆಯ ಪದ್ಧತಿ ಆ ಹವೆಗೆ ಹೊಂದುತ್ತದೆ. ಮಂಗಳೂರಿನ ಮೇ ತಿಂಗಳಲ್ಲಿ ಅದನ್ನೇ ಮಾಡಿದರೆ ಮುಖ ಬೆವರಿನಲ್ಲಿ ಬೇಯುತ್ತದೆ. ಬೆಂಗಳೂರಿನ ಫೆಬ್ರವರಿಗೆ ಎರಡು ಪದರ ನಡೆಯುತ್ತದೆ. ರಾಯಚೂರಿನ ಒಣ ಬಿಸಿಲಿಗೆ ತೆಳು ಸೀರಮ್‌ಗಿಂತ ಒಂದು ಸಾದಾ ಕ್ರೀಮ್ ವಾಸಿ. ನನ್ನ ಮಟ್ಟಿಗೆ ಮೂರು ಸಾಕು: ತೊಳೆಯಲು ಒಂದು, ತೇವಕ್ಕೆ ಒಂದು, ಬಿಸಿಲಿಗೆ ಒಂದು. ನಾಲ್ಕನೆಯದು ಬೇಕೇ ಬೇಕು ಅನಿಸಿದರೆ ಒಂದು ಸೀರಮ್. ಹತ್ತು ಹೆಜ್ಜೆ ಅಂಗಡಿಯವನಿಗೆ ಒಳ್ಳೆಯದು.

3. ಬಾಟಲಿ ತಿರುಗಿಸಿ ಹಿಂದಿನ ಪಟ್ಟಿ ಓದಿ

ಮುಂದೆ ಬರೆದಿರುವ ಶೇಕಡಾ ಲೆಕ್ಕಕ್ಕೆ ಮರುಳಾಗಬೇಡಿ. ಅನುವಾ ಕಂಪನಿಯ ಹಾರ್ಟ್‌ಲೀಫ್ ಟೋನರ್ ಮೇಲೆ 77% ಅಂತ ದೊಡ್ಡದಾಗಿದೆ. ಹಾರ್ಟ್‌ಲೀಫ್ ಒಂದು ಸೊಪ್ಪು. ಆದರೆ ಆ 77% ಎಲೆಯ ಲೆಕ್ಕ ಅಲ್ಲ, ಎಲೆಯಿಂದ ತೆಗೆದ ಸಾರದ ಲೆಕ್ಕ. ಲೋಟದಲ್ಲಿ 77% ಡಿಕಾಕ್ಷನ್ ಇದೆ ಅಂದರೆ 77% ಕಾಫಿಪುಡಿ ಇದೆ ಅಂತ ಅರ್ಥವೇ? ಡಿಕಾಕ್ಷನ್ ಗಟ್ಟಿಯೋ ನೀರೋ ಅನ್ನುವುದನ್ನು ಲೇಬಲ್ ಹೇಳುವುದಿಲ್ಲ. ಟೋನರ್ ಕೆಟ್ಟದ್ದು ಅಂತಲ್ಲ, ಆ ಸಂಖ್ಯೆ ನೋಡಿ ಕೊಳ್ಳಬೇಡಿ ಅಷ್ಟೆ. ಅಂದಹಾಗೆ ಈ ಹಾರ್ಟ್‌ಲೀಫನ್ನು ಮೇಘಾಲಯದಲ್ಲಿ ಜಾಮಿರ್‌ಡೊ ಅಂತ ಕರೆದು ಚಟ್ನಿ ಮಾಡಿ ತಿನ್ನುತ್ತಾರೆ.

ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಮ್ಮಿ ಇರುವುದು ಕೊನೆಗೆ. ಆದರೆ 1% ಮತ್ತು ಅದಕ್ಕಿಂತ ಕಮ್ಮಿ ಇರುವುದನ್ನು ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಆ 1% ಗೆರೆ ಎಲ್ಲಿದೆ ಅಂತ ಹಿಡಿಯಲು ಒಂದು ಉಪಾಯ ಇದೆ. ಕೆಡದ ಹಾಗೆ ಹಾಕುವ ಫಿನಾಕ್ಸಿಎಥನಾಲ್ ಅನ್ನುವ ಪದಾರ್ಥ ಹುಡುಕಿ. ಅದನ್ನು 1% ಮೀರಿ ಹಾಕುವಂತಿಲ್ಲ. ಅದರ ನಂತರ ಬರುವುದೆಲ್ಲ ಚಿಟಿಕೆ ಲೆಕ್ಕ. ಮುಂದೆ ಬಂಗಾರದ ಅಕ್ಷರದಲ್ಲಿ ಜಿನ್ಸೆಂಗ್ (ಕೊರಿಯಾದ ಒಂದು ಔಷಧಿ ಬೇರು) ಅಂತ ಬರೆದು, ಹಿಂದೆ ಆ ಗೆರೆಯ ಕೆಳಗೆ ಜಿನ್ಸೆಂಗ್ ಇಟ್ಟಿದ್ದರೆ ನೀವು ಕೊಡುತ್ತಿರುವುದು ಹೆಸರಿನ ದುಡ್ಡು.

ಸೂಕ್ಷ್ಮ ಚರ್ಮದವರು ಫ್ರೇಗ್ರೆನ್ಸ್, ಪರ್ಫ್ಯೂಮ್, ಲಿಮೊನೀನ್, ಲಿನಲೂಲ್, ಲ್ಯಾವೆಂಡರ್ ಎಣ್ಣೆ ಇವುಗಳಲ್ಲಿ ಯಾವುದು ಕಂಡರೂ ವಾಪಸ್ ಇಡಿ. ಘಮಘಮ ಬೇಕಾದರೆ ಮಲ್ಲಿಗೆ ಮುಡಿಯಿರಿ.

4. ಯಾವುದು ಯಾರಿಗೆ

ಸ್ನೇಲ್ ಮ್ಯೂಸಿನ್ ಅಂದರೆ ಬಸವನಹುಳುವಿನ ಲೋಳೆ. ಕಾಸ್‌ಆರ್‌ಎಕ್ಸ್ ಕಂಪನಿಯ ಸ್ನೇಲ್ 96 ಎಸೆನ್ಸ್‌ನ ಪಟ್ಟಿ ಚಿಕ್ಕದು, ಸುಗಂಧ ಇಲ್ಲ. ಒಣ ಚರ್ಮಕ್ಕೆ, ನೀರಿನ ಅಂಶ ಕಮ್ಮಿ ಇರುವ ಎಣ್ಣೆ ಚರ್ಮಕ್ಕೆ ಹೊಂದುತ್ತದೆ. ಒದ್ದೆ ಮುಖದ ಮೇಲೆ ಹಚ್ಚಿ, ಮೇಲೊಂದು ಕ್ರೀಮ್ ಹಾಕಬೇಕು. ಒಣ ಮುಖಕ್ಕೆ ಹಚ್ಚಿ ಎಸಿ ರೂಮಿನಲ್ಲಿ ಕೂತರೆ ಒಣಗಿದ ಗಂಜಿಯ ಹಾಗೆ ಬಿಗಿಯುತ್ತದೆ. ಧೂಳಿನ ನುಸಿ ಅಲರ್ಜಿ ಇರುವ ಕೆಲವರಿಗೆ ಬಸವನಹುಳು ತಿಂದರೂ ಅಲರ್ಜಿ ಆಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಸೀನುವವರು ಇದನ್ನು ಪರೀಕ್ಷೆ ಮಾಡದೆ ಮುಖಕ್ಕೆ ತರಬೇಡಿ.

ಸೆಂಟೆಲ್ಲಾ ಬೇರೆ ಏನೂ ಅಲ್ಲ, ನಮ್ಮ ಒಂದೆಲಗ. ತುಳುವಿನಲ್ಲಿ ತಿಮರೆ. ಮಲೆನಾಡಿನವರು ತಂಬುಳಿ ಮಾಡುವ ಅದೇ ಎಲೆ ಸ್ಕಿನ್ 1004 ಕಂಪನಿಯ ಬಾಟಲಿಯಲ್ಲಿ ಮಡಗಾಸ್ಕರ್ ಹೆಸರು ಹೊತ್ತು ಬರುತ್ತದೆ. ಕೆಂಪಾಗುವ, ಉರಿಯುವ ಚರ್ಮಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಹಾಗಂತ ಹಿತ್ತಲಿನ ಒಂದೆಲಗ ಅರೆದು ಮುಖಕ್ಕೆ ಬಳಿಯಬೇಡಿ. ಸಾರ ತೆಗೆದು ಸೋಸಿದ್ದಕ್ಕೂ ಮಣ್ಣಿನಿಂದ ಕಿತ್ತ ಸೊಪ್ಪಿಗೂ ವ್ಯತ್ಯಾಸ ಇದೆ.

ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಎಣ್ಣೆ ಚರ್ಮಕ್ಕೆ, ಮೊಡವೆ ಕಲೆಗೆ. ಕೊರಿಯಾದ ನಿಯಮದಲ್ಲಿ ಕಲೆ ತಿಳಿ ಮಾಡುತ್ತದೆ ಅಂತ ಹೇಳಿಕೊಳ್ಳಲು ಇದು 2ರಿಂದ 5% ಇದ್ದರೆ ಸಾಕು. 10% ಬಾಟಲಿಯ ಹಿಂದೆ ಓಡಬೇಡಿ, ಅದು ಹಲವರಿಗೆ ಚುರುಗುಟ್ಟುತ್ತದೆ. ಬ್ಯೂಟಿ ಆಫ್ ಜೋಸನ್ ಕಂಪನಿಯ ಗ್ಲೋ ಸೀರಮ್‌ನಲ್ಲಿ ಇದು 2% ಇದೆ, ಜೊತೆಗೆ 60% ಪ್ರೊಪೊಲಿಸ್ ಸಾರ. ಪ್ರೊಪೊಲಿಸ್ ಅಂದರೆ ಜೇನುಹುಳು ಗೂಡಿಗೆ ಮೆತ್ತುವ ಅಂಟು. ಅದು ಅಲರ್ಜಿ ತರುವುದು ಚರ್ಮದ ಡಾಕ್ಟರುಗಳಿಗೆ ಗೊತ್ತಿರುವ ವಿಷಯ.

ಆಮ್ಲ ಇರುವ ಟೋನರ್‌ಗಳು ಎಣ್ಣೆ ಚರ್ಮದ ಬ್ಲ್ಯಾಕ್‌ಹೆಡ್‌ಗೆ (ರಂಧ್ರ ಕಟ್ಟಿ ಕಪ್ಪಾದ ಚುಕ್ಕೆಗೆ) ಸರಿ, ವಾರಕ್ಕೆ ಎರಡು ರಾತ್ರಿ. ಒಣ ಚರ್ಮದವರು ದೂರ ಇರಿ. ರೆಟಿನಾಲ್ (ವಿಟಮಿನ್ ಎ ಬಗೆಯದ್ದು) ಹಚ್ಚುವ ರಾತ್ರಿ ಇದು ಬೇಡವೇ ಬೇಡ.

ಸನ್‌ಸ್ಕ್ರೀನ್ ವಿಷಯಕ್ಕೆ ಬಂದರೆ ಬ್ಯೂಟಿ ಆಫ್ ಜೋಸನ್‌ನ ಅಕ್ಕಿ ಸನ್‌ಸ್ಕ್ರೀನ್ ನಮ್ಮ ಬಣ್ಣದ ಮೇಲೆ ಬಿಳಿ ಬಿಡುವುದಿಲ್ಲ. ಬಿಳಿ ಬಿಡುವ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಅದರಲ್ಲಿ ಇಲ್ಲ. ಒಣ ಚರ್ಮಕ್ಕೆ ಹಬ್ಬ. ಎಣ್ಣೆ ಚರ್ಮದವರು ಕರಾವಳಿಯಲ್ಲಿ ಹಚ್ಚಿದರೆ ಮಧ್ಯಾಹ್ನಕ್ಕೆ ಹಪ್ಪಳ ಕರಿದವರ ಹಾಗೆ ಮಿಂಚುತ್ತಾರೆ. ಅವರು ಜೆಲ್ ಥರದ್ದು ನೋಡಲಿ. "ಟೋನ್ ಅಪ್" ಅಂತ ಬರೆದದ್ದನ್ನು ಮುಟ್ಟಬೇಡಿ. ಬೂದಿ ಬಳಿದ ಹಾಗೆ ಕಾಣುತ್ತದೆ. 2020ರಲ್ಲಿ ಪ್ಯುರಿಟೋ ಕಂಪನಿಯ ಎಸ್‌ಪಿಎಫ್ 50+ (ಬಿಸಿಲು ತಡೆಯುವ ಶಕ್ತಿಯ ಅಂಕಿ) ಅಂತಿದ್ದ ಒಂದು ಸನ್‌ಸ್ಕ್ರೀನ್ ಲ್ಯಾಬ್ ಪರೀಕ್ಷೆಯಲ್ಲಿ ಸುಮಾರು 19 ಬಂದು ದೊಡ್ಡ ಸುದ್ದಿಯಾಯಿತು, ಕಂಪನಿ ಮಾರಾಟ ನಿಲ್ಲಿಸಿತು. ಆದರೆ ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೆಚ್ಚಿನವರು 50ನ್ನು 19 ಮಾಡಿಕೊಳ್ಳುವುದು ಕಡಲೆಕಾಳಿನಷ್ಟು ಹಚ್ಚಿ. ಮುಖಕ್ಕೆ ಎರಡು ಬೆರಳಿನ ಉದ್ದಕ್ಕೂ ಹಿಂಡಿದಷ್ಟು ಬೇಕು. 50 ಮಿಲಿ ಟ್ಯೂಬ್ ನಾಲ್ಕು ತಿಂಗಳು ಬಂದರೆ ನೀವು ಹಚ್ಚುತ್ತಲೇ ಇಲ್ಲ.

5. ಪರೀಕ್ಷೆ: ಎಲ್ಲರೂ ಕೆಡಿಸುವ ಹೆಜ್ಜೆ

ಅಂಗಡಿಯಲ್ಲಿ ಮುಂಗೈ ಮೇಲೆ ಒಂದು ಹನಿ ಉಜ್ಜಿ, ಮೂಸಿ, "ಏನೂ ಆಗಿಲ್ಲ" ಅನ್ನುವುದು ಪರೀಕ್ಷೆ ಅಲ್ಲ. ಮುಂಗೈ ಚರ್ಮ ಮುಖದಷ್ಟು ಸೂಕ್ಷ್ಮ ಅಲ್ಲ. ಮೇಲಾಗಿ ಅಲರ್ಜಿ ಐದು ನಿಮಿಷದಲ್ಲೇ ಕಾಣಬೇಕೆಂದಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ ಬಿಟ್ಟೂ ಏಳಬಹುದು.

ಮೊಣಕೈ ಮಡಚುವ ಒಳಭಾಗದಲ್ಲಿ ಒಂದು ನಾಣ್ಯದಷ್ಟು ಜಾಗ ಆರಿಸಿ. ದಿನಕ್ಕೆ ಎರಡು ಸಲ, ಅದೇ ಜಾಗಕ್ಕೆ, 7ರಿಂದ 10 ದಿನ ಹಚ್ಚಿ. ಸ್ನಾನಕ್ಕೆ ಮುಂಚೆ ಹಚ್ಚಿ ತೊಳೆದುಬಿಟ್ಟರೆ ಲೆಕ್ಕಕ್ಕಿಲ್ಲ, ಸ್ನಾನ ಆದ ಮೇಲೆ ಹಚ್ಚಿ. ಕ್ಲೆನ್ಸರ್ ಆದರೆ ಐದು ನಿಮಿಷ ಬಿಟ್ಟು ತೊಳೆಯಿರಿ. ಆ ವಾರ ಕೈಗೆ ವ್ಯಾಕ್ಸ್ ಬೇಡ. ಕೆಂಪಾಗಿ ತುರಿಸಿದರೆ, ಊದಿದರೆ ತೊಳೆದು ನಿಲ್ಲಿಸಿ. "ಇನ್ನೊಂದು ಸಲ ನೋಡೋಣ" ಅನ್ನುವ ಆಸೆ ಬೇಡ.

ಕೈ ಪಾಸಾಯಿತು ಅಂತ ಮುಖಕ್ಕೆಲ್ಲ ಬಳಿಯುವುದು ಎರಡನೇ ತಪ್ಪು. ಕೈಯಲ್ಲಿ ಮುಖದಷ್ಟು ಎಣ್ಣೆ ಗ್ರಂಥಿ ಇಲ್ಲ. ಅಲರ್ಜಿ ಅಲ್ಲಿ ತಿಳಿಯಬಹುದು, ಮೊಡವೆ ತಿಳಿಯುವುದಿಲ್ಲ. ಆದ್ದರಿಂದ ಈಗ ಒಂದೇ ಕೆನ್ನೆಯ ಬದಿ, ಕಿವಿಯ ಕೆಳಗಿನ ದವಡೆ ಗೆರೆ ಆರಿಸಿ ಎರಡು ವಾರ ಹಚ್ಚಿ. ಇನ್ನೊಂದು ಬದಿ ಹಾಗೇ ಇರಲಿ. ಎರಡು ಬದಿ ಹೋಲಿಸಿದರೆ ಉತ್ತರ ತಾನಾಗಿ ಸಿಗುತ್ತದೆ. ಮೂರು ದಿನಕ್ಕೊಮ್ಮೆ ಒಂದೇ ಕಿಟಕಿಯ ಮುಂದೆ, ಒಂದೇ ಹೊತ್ತಿಗೆ ಫೋಟೋ ತೆಗೆಯಿರಿ. ಫಿಲ್ಟರ್ ಆಫ್ ಮಾಡಿ, ಕೆಲವು ಫೋನ್‌ಗಳು ತಾವಾಗಿಯೇ ಮುಖ ನುಣುಪು ಮಾಡಿಬಿಡುತ್ತವೆ.

ಈ ಎರಡು ವಾರ ಬೇರೆ ಯಾವುದೂ ಹೊಸದು ಬೇಡ. ಹೊಸ ಶಾಂಪೂ, ಫೇಶಿಯಲ್, ಬ್ಲೀಚ್ ಏನೂ ಬೇಡ. ತಲೆಗೆ ಕೊಬ್ಬರಿ ಎಣ್ಣೆ ಹಾಕಿ ಮಲಗುವವರು ಮೊದಲು ದಿಂಬಿನ ಕವರ್ ಬದಲಿಸಿ. ಹಣೆ ಅಂಚಿನಲ್ಲಿ ಏಳುವ ಗುಳ್ಳೆಗೆ ಎಷ್ಟೋ ಸಲ ಸೀರಮ್ ಕಾರಣ ಅಲ್ಲ, ಇಳಿದು ಬಂದ ಎಣ್ಣೆ ಕಾರಣ. ತಿಂಗಳ ಮುಟ್ಟಿನ ಮುಂಚೆ ಗಲ್ಲದ ಮೇಲೆ ಬರುವ ಎರಡು ಮೊಡವೆಯ ತಪ್ಪನ್ನೂ ಬಾಟಲಿ ಮೇಲೆ ಹೊರಿಸಬೇಡಿ.

ಗುಳ್ಳೆ ಎದ್ದರೆ "ಪರ್ಜಿಂಗ್, ಒಳಗಿನ ಕೊಳೆ ಹೊರಗೆ ಬರುತ್ತಿದೆ" ಅಂತ ಹೇಳುವವರು ಇರುತ್ತಾರೆ. ಪರ್ಜಿಂಗ್ ಆಗುವುದು ಆಮ್ಲ, ರೆಟಿನಾಯ್ಡ್ (ರೆಟಿನಾಲ್ ಜಾತಿಯವು) ಥರದವುಗಳಿಂದ. ನಿಮಗೆ ಯಾವಾಗಲೂ ಮೊಡವೆ ಬರುವ ಜಾಗದಲ್ಲೇ ಬರುತ್ತದೆ, ನಾಲ್ಕಾರು ವಾರದಲ್ಲಿ ಇಳಿಯುತ್ತದೆ. ಒಂದೆಲಗದ ಸಾರ ಹಚ್ಚಿ ಯಾವತ್ತೂ ಇಲ್ಲದ ಕೆನ್ನೆಯಲ್ಲಿ ಮೊಡವೆ ಬಂದರೆ ಅದು ಪರ್ಜಿಂಗ್ ಅಲ್ಲ, ಹೊಂದಿಲ್ಲ ಅಷ್ಟೆ. ಹಣೆಯಲ್ಲಿ ಒಂದೇ ಅಳತೆಯ, ತುರಿಸುವ ಸಣ್ಣ ಗುಳ್ಳೆಗಳು ಸಾಲಾಗಿ ಬಂದಿದ್ದರೆ ಮಲಸೇಜಿಯಾ ಅನ್ನುವ ಯೀಸ್ಟಿನ ಕೆಲಸ ಇರಬಹುದು. ಸೆಕೆ, ಬೆವರಿನ ಊರುಗಳಲ್ಲಿ ಇದು ಸುಲಭವಾಗಿ ಬರುತ್ತದೆ. ಮೊಡವೆ ಕ್ರೀಮಿಗೆ ಬಗ್ಗುವುದಿಲ್ಲ. ಡಾಕ್ಟರಿಗೆ ತೋರಿಸಿ.

ಇಷ್ಟೊಂದು ಹಿಂಸೆ ಯಾಕೆ ಅಂದರೆ ನಮ್ಮ ಕಂದು ಚರ್ಮ ಸಿಟ್ಟನ್ನು ಮರೆಯುವುದಿಲ್ಲ. ಬಿಳಿ ಚರ್ಮದಲ್ಲಿ ಕೆಂಪಾಗಿ ಹೋಗುವ ಉರಿ ನಮ್ಮಲ್ಲಿ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಕೂರುತ್ತದೆ. ನನ್ನ ಎಡಗೆನ್ನೆಯ ಮೇಲೆ ಒಂದು ರಾತ್ರಿಯ ಆತುರದ ಗುರುತು ಎಂಟು ತಿಂಗಳು ಇತ್ತು. ಯಾವ ಬಾಟಲಿ ಅಂತ ಹೇಳುವುದಿಲ್ಲ, ತಪ್ಪು ನನ್ನದು.

6. ಅಸಲಿಯಾ, ಹಳೆಯದಾ?

ಭಾರತದಲ್ಲಿ ಮಾರುವ ಆಮದು ಬಾಟಲಿ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಬೇಕು. ಇಲ್ಲದ್ದು ಬೇಡ. ಅರ್ಧ ಬೆಲೆಗೆ ಸಿಗುವುದಂತೂ ಬೇಡವೇ ಬೇಡ. ಕೊರಿಯನ್ ಡಬ್ಬಗಳಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ ಇರುತ್ತದೆ. ಪಕ್ಕದ ಎರಡಕ್ಷರವನ್ನು ಫೋನ್ ಕ್ಯಾಮೆರಾದಲ್ಲಿ ಅನುವಾದಿಸಿ ನೋಡಿ. "ಜೆಜೊ" ಆದರೆ ತಯಾರಿಸಿದ ದಿನ, "ಕಾಜಿ" ಆದರೆ ಅಲ್ಲಿಯವರೆಗೆ ಬಳಸಬಹುದು ಅಂತ. ತಯಾರಿಸಿದ ದಿನವನ್ನು ಎಕ್ಸ್‌ಪೈರಿ ಅಂದುಕೊಂಡು ಹೊಸ ಟ್ಯೂಬ್ ಕಸಕ್ಕೆ ಹಾಕಿದವರನ್ನು ನೋಡಿದ್ದೇನೆ.

ಅಕ್ಕನ ಮಗಳ ಕಥೆ ಏನಾಯಿತು? ಐದನ್ನೂ ನಿಲ್ಲಿಸಿ ಬರೀ ಮಾಯಿಶ್ಚರೈಸರ್‌ನಲ್ಲಿ ಮದುವೆ ಮುಗಿಸಿದಳು. ಆಮೇಲೆ ಒಂದೊಂದಾಗಿ, ಸನ್‌ಸ್ಕ್ರೀನಿನಿಂದ ಶುರು ಮಾಡಿ, ಹತ್ತಿರ ಹತ್ತಿರ ಮೂರು ತಿಂಗಳು ಪರೀಕ್ಷೆ ನಡೆಯಿತು. ಕೈಕೊಟ್ಟಿದ್ದು ಘಮಘಮ ಅನ್ನುತ್ತಿದ್ದ ಟೋನರ್. ಬಸವನಹುಳುವಿನ ಎಸೆನ್ಸ್ ಹೊಂದಿದರೂ ಅಂಟಂಟು ಅಂತ ಅವಳಿಗೆ ಇಷ್ಟವಾಗಲಿಲ್ಲ. ಈಗ ಅದನ್ನು ಅಕ್ಕ ದಿನಾ ರಾತ್ರಿ ಒಡೆದ ಹಿಮ್ಮಡಿಗೆ ಹಚ್ಚಿ ಮಲಗುತ್ತಾಳೆ, ಬಹಳ ಚೆನ್ನಾಗಿದೆ ಅನ್ನುತ್ತಾಳೆ. ಅದು ಯಾವುದರ ಲೋಳೆ ಅಂತ ಅವಳು ಕೇಳಿಲ್ಲ, ನಾವೂ ಹೇಳಿಲ್ಲ.